ಗಟ್ಟಿ ಗೆರೆ, ತುಂಡು ಗೆರೆ: ನನ್ನ ಎಂ.ಎಸ್ಸಿ. ಜಿಯಾಲಜಿ

ಎಂ.ಎಸ್ಸಿ.ಗೆ ಸೇರುವ ಹೊತ್ತಿಗೆ ನನಗೆ ಕಲ್ಲುಗಳ ಹೆಸರು ಚೆನ್ನಾಗಿಯೇ ಗೊತ್ತಿತ್ತು. ಡಿಗ್ರಿಯಲ್ಲಿ ಟ್ರೇಗಳಲ್ಲಿ ಜೋಡಿಸಿಟ್ಟ ಮಾದರಿಗಳನ್ನು ನೋಡಿ ನೋಡಿ ಕಲಿತಿದ್ದೆವಲ್ಲ. ಪ್ರತಿ ಕಲ್ಲಿನ ಮೇಲೂ ಬಿಳಿ ಪೇಂಟಿನ ಚುಕ್ಕೆ, ಅದರ ಮೇಲೆ ಒಂದು ನಂಬರ್. ಪರೀಕ್ಷೆಯ ದಿನ ನಂಬರ್ ಬದಲಾಯಿಸಿದರೂ ಯಾರಿಗೂ ಚಿಂತೆ ಇರಲಿಲ್ಲ. ಮೂಲೆ ಒಡೆದಿರುವುದು ಗ್ಯಾಬ್ರೋ. ಯಾರದೋ ಕೈ ಜಾರಿ ಎರಡು ಹೋಳಾಗಿರುವುದು ಸ್ಲೇಟ್. ಎಲ್ಲರೂ ಮುಟ್ಟಿ ಜಿಡ್ಡು ಹಿಡಿದಿರುವುದು ಬಳಪದ ಕಲ್ಲು. ಹೀಗೆ ಗುರುತು ಹಿಡಿಯುವವರೇ ಜಾಸ್ತಿ. ಜಿಯಾಲಜಿ ಓದಿದ ಯಾರನ್ನಾದರೂ ಕೇಳಿ, ನಕ್ಕು ಹೌದೆನ್ನುತ್ತಾರೆ.

ಹೊರಗೆ ಹೋದರೆ ಈ ವಿದ್ಯೆ ಕೆಲಸಕ್ಕೆ ಬರುವುದಿಲ್ಲ. ಬಿಸಿಲು ಮಳೆಗೆ ಸಿಕ್ಕ ಬಂಡೆ ಯಾವುದಾದರೂ ಮೇಲೆ ಒಂದೇ ತರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಮೇಲೆ ಕಲ್ಲುಹೂವು ಬೇರೆ. ಸುತ್ತಿಗೆಯಿಂದ ಒಡೆದು ಒಳಮೈ ನೋಡಿದರೆ ಮಾತ್ರ ಅದರ ನಿಜವಾದ ಬಣ್ಣ, ಹರಳು ಕಾಣುತ್ತವೆ. ಇನ್ನೂ ದೊಡ್ಡ ತೊಂದರೆ ಎಂದರೆ ಬಂಡೆ ಎಲ್ಲ ಕಡೆ ಸಿಗುವುದೇ ಇಲ್ಲ. ಇಲ್ಲೊಂದು ಕಲ್ಲು ತಲೆ ಎತ್ತಿರುತ್ತದೆ. ಆಮೇಲೆ ಅರ್ಧ ಕಿಲೋಮೀಟರ್ ಬರೀ ಮಣ್ಣು, ಈರುಳ್ಳಿ ಹೊಲ, ಜಾಲಿ ಮುಳ್ಳು. ಅದರಾಚೆ ಬೇರೆಯದೇ ಕಲ್ಲು. ನಡುವೆ ಮಣ್ಣಿನ ಕೆಳಗೆ ಏನಿದೆ? ಎಂ.ಎಸ್ಸಿ. ಪೂರ್ತಿ ನಾನು ಕಲಿತದ್ದು ಹೆಚ್ಚುಕಡಿಮೆ ಈ ಪ್ರಶ್ನೆಗೆ ಹೇಗೆ ಉತ್ತರ ಕೊಡಬೇಕು ಎಂಬುದನ್ನೇ.

ಸೇರುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡಿಗ್ರಿಯಲ್ಲಿ ಜಿಯಾಲಜಿ ಒಂದು ವಿಷಯವಾಗಿ ಓದಿರಬೇಕು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಈ ಕೋರ್ಸ್ ಹಿಂದಿನಿಂದ ಇದೆ. ಮಂಗಳೂರಿನಲ್ಲಿ ಕಡಲಿನ ಕಡೆ ಒತ್ತು ಇರುವ ಮರೈನ್ ಜಿಯಾಲಜಿ ಇದೆ. ಐಐಟಿಗೆ ಹೋಗಬೇಕೆಂದರೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಾನು ಸೇರಿದ್ದು ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ. ಯಾವುದು ಅಂತ ಹೇಳಲ್ಲ, ಮುಂದೆ ಸ್ವಲ್ಪ ದೂರುಗಳೂ ಇವೆ. ನಮ್ಮ ದೊಡ್ಡಪ್ಪ ಮಾತ್ರ ಕೊನೆವರೆಗೂ "ಓದು ಮುಗಿದ ಮೇಲೆ ಕ್ವಾರಿ ಹಾಕ್ತೀಯೇನಮ್ಮಾ?" ಎಂದು ಕೇಳುತ್ತಲೇ ಇದ್ದರು.

ಮೊದಲ ವರ್ಷ ಫೀಲ್ಡ್ ಮ್ಯಾಪಿಂಗ್‌ಗೆ ಚಿತ್ರದುರ್ಗದ ಕಡೆ ಕರೆದುಕೊಂಡು ಹೋದರು. ಕೋಟೆ ನೋಡಲು ಹೋಗುವವರು ನೋಡುವುದು ಗ್ರಾನೈಟ್ ಬಂಡೆಗಳನ್ನು. ನಮಗೆ ಬೇಕಾಗಿದ್ದುದು ಅದರ ಪಕ್ಕದ ಶಿಸ್ಟ್ ಪಟ್ಟಿ, ಅಂದರೆ ಒತ್ತಡ, ಶಾಖಕ್ಕೆ ಸಿಕ್ಕಿ ಹಾಳೆ ಹಾಳೆಯಾದ ಕಲ್ಲಿನ ಪಟ್ಟಿ. ಗಾಳಿ ಯಂತ್ರಗಳು ತಿರುಗುವ ಉದ್ದನೆಯ ಗುಡ್ಡಗಳ ಸಾಲು ಇದೆಯಲ್ಲ, ಅದೇ. ಇದು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಹೆಸರು ಕೊಟ್ಟರು. ಚಿನ್ನ, ಕಬ್ಬಿಣ, ಮ್ಯಾಂಗನೀಸ್, ತಾಮ್ರ ಅಂತ ನಮ್ಮ ರಾಜ್ಯದಲ್ಲಿ ಅಗೆದಿರುವ ಅದಿರಿನಲ್ಲಿ ಹೆಚ್ಚಿನದು ಸಿಕ್ಕಿರುವುದು ಇಂಥ ಶಿಸ್ಟ್ ಪಟ್ಟಿಗಳಲ್ಲೇ.

ಬೆನ್ನಿಗೆ ಬ್ಯಾಗು, ಕೈಯಲ್ಲಿ ಸುತ್ತಿಗೆ, ಕುತ್ತಿಗೆಗೆ ಹ್ಯಾಂಡ್ ಲೆನ್ಸ್, ಸೊಂಟಕ್ಕೆ ಬ್ರಂಟನ್ ಕಂಪಾಸ್. ಚಿಕ್ಕ ಬಾಟಲಿಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್. ಒಂದು ತೊಟ್ಟು ಬಿಟ್ಟಾಗ ಕಲ್ಲು ಬುಸಬುಸ ಎಂದರೆ ಅದರಲ್ಲಿ ಕ್ಯಾಲ್ಸೈಟ್ ಇದೆ ಎಂದರ್ಥ. ಟೋಪೋಶೀಟ್ ಎಂಬ ನೆಲದ ನಕ್ಷೆ 57 ಬಿ ಸರಣಿಯದು. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಪ್ರತಿ ಬಂಡೆಯ ಹತ್ತಿರ ನಿಂತು ಪದರ ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯಬೇಕು. ಮೊದಲನೆಯದು ಸ್ಟ್ರೈಕ್, ಎರಡನೆಯದು ಡಿಪ್. ಡಿಪ್ ಯಾವ ಕಡೆ ಅಂತ ಗೊಂದಲವಾದರೆ ನಮ್ಮ ಸರ್ ಕುಡಿಯುವ ನೀರಿನ ಬಾಟಲಿ ತೆಗೆದು ಪದರದ ಮೇಲೆ ಸ್ವಲ್ಪ ಸುರಿಯುತ್ತಿದ್ದರು. ನೀರು ಇಳಿದ ದಾರಿಯೇ ಡಿಪ್. ಬಿಸಿಲಿನಲ್ಲಿ ಆ ನೀರು ನೋಡಿ ನಮಗೆ ಹೊಟ್ಟೆ ಉರಿಯುತ್ತಿತ್ತು, ಅದು ಬೇರೆ ಮಾತು.

ಸಂಜೆ ಉಳಿದುಕೊಂಡ ಕಡೆ ನೆಲದ ಮೇಲೆ ಎಲ್ಲರೂ ನಕ್ಷೆ ಹರಡಿ ಕೂರುತ್ತಿದ್ದೆವು. ಹಗಲಲ್ಲಿ ಗುರುತು ಮಾಡಿದ ಚುಕ್ಕೆಗಳನ್ನು ಸೇರಿಸಿ ಎರಡು ಕಲ್ಲುಗಳ ನಡುವಿನ ಗಡಿ ಗೆರೆ ಎಳೆಯುವ ಕೆಲಸ. ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಇದೆ. ಗಡಿಯನ್ನು ಕಣ್ಣಾರೆ ನೋಡಿದ್ದರೆ ಗಟ್ಟಿ ಗೆರೆ. ಆ ಕಡೆ ಈ ಕಡೆಯ ಬಂಡೆ ನೋಡಿ ನಡುವೆ ಎಲ್ಲೋ ಇರಬೇಕು ಎಂದು ಊಹಿಸಿದ್ದರೆ ತುಂಡು ತುಂಡು ಗೆರೆ. ಪೂರ್ತಿ ಮಣ್ಣಲ್ಲಿ ಮುಚ್ಚಿಹೋಗಿದ್ದರೆ ಬರೀ ಚುಕ್ಕೆ ಗೆರೆ. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವೂ ಇಲ್ಲ. ಆದರೆ ಸರ್ ಒಬ್ಬೊಬ್ಬರ ನಕ್ಷೆಯ ಮೇಲೂ ಪೆನ್ಸಿಲ್ ತುದಿ ಇಟ್ಟು, "ಇಲ್ಲಿ ನಿಂತು ನೋಡಿದ್ಯೇನಮ್ಮಾ?" ಎಂದು ಕೇಳುತ್ತಿದ್ದರು. ಮೊದಲ ದಿನಗಳಲ್ಲಿ ಎಲ್ಲರ ನಕ್ಷೆಯಲ್ಲೂ ಗಟ್ಟಿ ಗೆರೆಗಳೇ ತುಂಬಿದ್ದವು, ನೋಡಲು ಬಲು ಚೆಂದ. ಕ್ಯಾಂಪ್ ಮುಗಿಯುವ ಹೊತ್ತಿಗೆ ಎಲ್ಲವೂ ತುಂಡಾಗಿದ್ದವು. ಸರ್ ಖುಷಿಯಾಗಿದ್ದರು.

ಐಮಂಗಲದ ಬಳಿಯ ಮರಡಿಹಳ್ಳಿಗೆ ಹೋದದ್ದು ಇದೇ ಕ್ಯಾಂಪಿನಲ್ಲಿ. ಅಲ್ಲಿನ ಪಿಲ್ಲೋ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನ ಕೆಳಗೆ ಉಕ್ಕಿದಾಗ ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗಿನ ದ್ರವ ಅದನ್ನು ಸೀಳಿ ಹೊರಬಂದು ಮತ್ತೊಂದು ಉಂಡೆ ಕಟ್ಟುತ್ತದೆ. ಹೀಗೆ ದಿಂಬುಗಳ ರಾಶಿ ಆಗುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ ಈ ಒಣ ನೆಲ ನೀರಿನ ತಳದಲ್ಲಿತ್ತು. ಇಷ್ಟು ಯಾರಾದರೂ ಹೇಳುತ್ತಾರೆ. ನಮಗೆ ಅಲ್ಲಿ ಕಲಿಸಿದ್ದು ಇನ್ನೊಂದು ವಿಷಯ. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಭಾಗ ತನ್ನ ಕೆಳಗಿನ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಪದರಗಳು ಮಡಚಿ, ಕೆಲವು ಕಡೆ ತಲೆಕೆಳಗಾಗಿ ಬಿದ್ದಿರುವ ಜಾಗದಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂದು ಹೇಳಲು ಈ ಉಬ್ಬು ಮತ್ತು ಚೂಪು ಸಾಕು. ಕಲ್ಲು ತಾನೇ ಮೇಲೆ ಯಾವುದು ಅಂತ ಹೇಳಿಬಿಡುತ್ತದೆ. ಆವತ್ತು ನನಗೆ ಈ ವಿಷಯ ನಿಜವಾಗಿ ಹಿಡಿಸಿತು.

ಕಬ್ಬಿಣದ ಅದಿರಿನ ಪಟ್ಟಿಗಳಿರುವ ಗುಡ್ಡ ಹತ್ತಿದಾಗ ಕಂಪಾಸ್ ಕೈಕೊಡುತ್ತದೆ. ಕಲ್ಲಿನಲ್ಲಿ ಮ್ಯಾಗ್ನೆಟೈಟ್ ತುಂಬಿರುತ್ತದಲ್ಲ, ಮುಳ್ಳು ಉತ್ತರ ಬಿಟ್ಟು ಬಂಡೆಯ ಕಡೆ ತಿರುಗುತ್ತದೆ. ಎರಡು ಹೆಜ್ಜೆ ಸರಿದು ಅಳೆದರೆ ಬೇರೆಯೇ ಅಂಕಿ. ಅಂಥ ಕಡೆ ದೂರದ ಗುಡ್ಡದ ತುದಿ, ದೇವಸ್ಥಾನದ ಗೋಪುರ, ಕೆರೆ ಏರಿಯ ಮೂಲೆ ನೋಡಿಕೊಂಡು ನಕ್ಷೆಯ ಮೇಲೆ ದಿಕ್ಕು ಲೆಕ್ಕ ಹಾಕಬೇಕು. ಮೊಬೈಲ್ ಜಿಪಿಎಸ್ ಜಾಗ ಹೇಳುತ್ತದೆ. ಆದರೆ ಅದರೊಳಗಿನ ಕಂಪಾಸ್ ಕೂಡ ಅಯಸ್ಕಾಂತದ ಮೇಲೇ ನಡೆಯುವುದು, ಅದಕ್ಕೂ ಇದೇ ಗತಿ.

ಹುಡುಗಿಯರ ಫೀಲ್ಡ್ ಕಷ್ಟ ಬೇರೆ ಇದೆ, ಅದನ್ನು ಯಾರೂ ಸಿಲಬಸ್‌ನಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ ಹೊರಟರೆ ಸಂಜೆವರೆಗೆ ಶೌಚಾಲಯ ಇಲ್ಲ ಎಂದು ನೀರೇ ಕುಡಿಯದೆ ನಡೆಯುವವರು ನಮ್ಮಲ್ಲಿದ್ದರು, ಆಮೇಲೆ ತಲೆ ಸುತ್ತಿ ಕೂರುತ್ತಿದ್ದರು. ನಮ್ಮ ಮೇಡಂ ಒಬ್ಬರು ಪ್ರತಿ ಹಳ್ಳಿಯಲ್ಲೂ ಮೊದಲು ಶಾಲೆ ಅಥವಾ ಅಂಗನವಾಡಿಗೆ ಹೋಗಿ ಮಾತಾಡಿಸಿ ಬರುವುದನ್ನು ರೂಢಿ ಮಾಡಿಸಿದರು. ಅದರಿಂದ ಅರ್ಧ ಸಮಸ್ಯೆ ಕಳೆಯಿತು. ಗಣಿಯ ವಿಷಯಕ್ಕೆ ಬಂದರೆ, 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವುದನ್ನು ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಕೆಲವು ಷರತ್ತು ಹಾಕಿ ಅವಕಾಶ ಕೊಟ್ಟಿತು. ನನಗಿಂತ ಹಿಂದೆ ಓದಿದ ಅಕ್ಕಂದಿರಿಗೆ ಆ ಬಾಗಿಲೇ ಇರಲಿಲ್ಲ ಎಂದು ಈಗ ಓದುವವರಿಗೆ ಹೇಳಿದರೆ ನಂಬುವುದಿಲ್ಲ.

ಕ್ಯಾಂಪ್ ಮುಗಿಸಿ ಮಾದರಿಗಳ ಚೀಲ ಹೊತ್ತು ಬಸ್ ಹತ್ತಿದರೆ ಕಂಡಕ್ಟರ್ ಎತ್ತಿ ನೋಡಿ, "ಏನ್ ಮೇಡಂ, ಕಲ್ಲಿಗೂ ಲಗೇಜ್ ಹಾಕ್ಬೇಕಾ?" ಎಂದರು. ಹಾಕಲಿಲ್ಲ, ಪುಣ್ಯ.

ಆ ಕಲ್ಲುಗಳಿಂದ ಥಿನ್ ಸೆಕ್ಷನ್ ಮಾಡುವುದು ಇನ್ನೊಂದು ಅಧ್ಯಾಯ. ಕಲ್ಲಿನ ಚಿಕ್ಕ ಬಿಲ್ಲೆ ಕತ್ತರಿಸಿ, ಒಂದು ಮುಖ ನುಣ್ಣಗೆ ಉಜ್ಜಿ, ಗಾಜಿನ ಸ್ಲೈಡ್‌ಗೆ ಅಂಟಿಸಬೇಕು. ಆಮೇಲೆ ಇನ್ನೊಂದು ಮುಖವನ್ನು ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ಗಾಜಿನ ತಟ್ಟೆಯ ಮೇಲೆ ತಿಕ್ಕುತ್ತಾ ಹೋಗಬೇಕು. ದಪ್ಪ 0.03 ಮಿಲಿಮೀಟರ್‌ಗೆ ಬರಬೇಕು. ಅಷ್ಟು ತೆಳುವಾದರೆ ಕಪ್ಪು ಕಲ್ಲಿನಲ್ಲೂ ಬೆಳಕು ಹಾಯುತ್ತದೆ. ಅಷ್ಟಕ್ಕೆ ಬಂತು ಎಂದು ಹೇಗೆ ಗೊತ್ತಾಗುತ್ತದೆ? ಸ್ಕೇಲ್ ಇಟ್ಟು ಅಳೆಯಲು ಆಗುವುದಿಲ್ಲ. ಬೆಣಚಿನ ಹರಳನ್ನು ನೋಡಬೇಕು. ಮೈಕ್ರೋಸ್ಕೋಪಿನ ಎರಡು ಪೋಲರೈಸರ್‌ಗಳ (ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಫಿಲ್ಟರ್) ನಡುವೆ ಅದು ಇನ್ನೂ ಹಳದಿಯಾಗಿ ಕಂಡರೆ ದಪ್ಪ ಜಾಸ್ತಿ. ಬೂದು ಬಿಳಿಗೆ ಬಂದರೆ ಸರಿ. ಇನ್ನೆರಡು ಸಲ ತಿಕ್ಕಿದರೆ ಕಲ್ಲೇ ಮಾಯ, ಗಾಜು ಮಾತ್ರ ಕೈಯಲ್ಲಿ.

ಮೈಕ್ರೋಸ್ಕೋಪ್‌ಗಳು ಸಾಲದೆ ಒಂದಕ್ಕೆ ಇಬ್ಬರು ಮೂವರು ಕೂರುತ್ತಿದ್ದೆವು. ಕೆಲವದರ ಸ್ಟೇಜ್ ತಿರುಗಿಸಿದರೆ ಹರಳು ನೋಟದಿಂದ ಆಚೆ ಓಡಿಹೋಗುತ್ತಿತ್ತು. ಸೆಂಟರ್ ಮಾಡುವ ಸ್ಕ್ರೂ ಸವೆದಿತ್ತು. ದೂರು ಅಂದೆನಲ್ಲ, ಇದೇ. ಆದರೂ ಆ ಕೋಣೆ ನನಗೆ ಇಷ್ಟ. ಮೈಕ್ರೋಕ್ಲಿನ್ ಎಂಬ ಫೆಲ್ಡ್‌ಸ್ಪಾರ್ ಲುಂಗಿಯ ಚೌಕಳಿ ಹೊದ್ದುಕೊಂಡು ಕೂತಿರುತ್ತದೆ, ಅದನ್ನು ಒಮ್ಮೆ ನೋಡಿದವರು ಮತ್ತೆ ತಪ್ಪುವುದಿಲ್ಲ. ಬಯೋಟೈಟ್ ಅನ್ನು ತಿರುಗಿಸಿದರೆ ತಿಳಿ ಕಂದಿನಿಂದ ಗಾಢ ಕಂದಿಗೆ ಹೋಗಿ ಮರಳಿ ಬರುತ್ತದೆ. ಎರಡು ಪೋಲರೈಸರ್‌ಗಳ ನಡುವೆ ಗಾರ್ನೆಟ್ ಎಷ್ಟು ತಿರುಗಿಸಿದರೂ ಕಪ್ಪೇ. ಹಾರ್ನ್‌ಬ್ಲೆಂಡ್ ಮತ್ತು ಪೈರಾಕ್ಸೀನ್ ಬೇರೆ ಮಾಡಲು ಅವುಗಳಲ್ಲಿ ಹಾಯುವ ಸೀಳುಗೆರೆಗಳ ಕೋನ ನೋಡಬೇಕು. ಪೈರಾಕ್ಸೀನ್‌ನಲ್ಲಿ ಹೆಚ್ಚುಕಡಿಮೆ 90 ಡಿಗ್ರಿ, ಹಾರ್ನ್‌ಬ್ಲೆಂಡ್‌ನಲ್ಲಿ 56 ಮತ್ತು 124. ಸರಿಯಾದ ಕಡೆಗೆ ಕತ್ತರಿಸಿದ ಹರಳು ಸಿಗದಿದ್ದರೆ ಕೋನ ಸುಳ್ಳು ಹೇಳುತ್ತದೆ. ಅಂಥ ಕಡೆ ರೆಕಾರ್ಡ್ ಪುಸ್ತಕದಲ್ಲಿ "ಬಹುಶಃ" ಎಂದು ಬರೆದವರಿಗೆ ನಮ್ಮಲ್ಲಿ ಮಾರ್ಕ್ಸ್ ಕಡಿಮೆ ಆಗುತ್ತಿರಲಿಲ್ಲ. ಫೀಲ್ಡಿನ ತುಂಡು ಗೆರೆ ಇಲ್ಲಿಗೂ ಬಂದಿತ್ತು.

ತರಗತಿಯ ಪಾಠಗಳ ಬಗ್ಗೆ ಎಲ್ಲವನ್ನೂ ಬರೆಯುವುದಿಲ್ಲ. ಜಿಯೋಕೆಮಿಸ್ಟ್ರಿ, ಸೆಡಿಮೆಂಟಾಲಜಿ, ಜಿಯೋಫಿಸಿಕ್ಸ್, ರಿಮೋಟ್ ಸೆನ್ಸಿಂಗ್ ಎಂದು ಪಟ್ಟಿ ಉದ್ದ ಇದೆ. ಸ್ಟ್ರಾಟಿಗ್ರಫಿಯನ್ನು, ಅಂದರೆ ಯಾವ ಕಲ್ಲು ಮೊದಲು, ಯಾವುದು ಆಮೇಲೆ ಎಂಬ ಪಾಠವನ್ನು, ಬಾಯಿಪಾಠಕ್ಕೆ ಇಳಿಸಿಬಿಟ್ಟಿದ್ದಾರೆ ಎಂಬುದು ನನ್ನ ಇನ್ನೊಂದು ದೂರು. ಸರ್ಗೂರು, ಬಾಬಾಬುಡನ್, ಚಿತ್ರದುರ್ಗ ಅಂತ ಶಿಲಾಗುಂಪುಗಳ ಹೆಸರನ್ನು ಕೆಳಗಿಂದ ಮೇಲಕ್ಕೆ ಕೋಷ್ಟಕದಲ್ಲಿ ಬರೆದರೆ ಪೂರ್ತಿ ಮಾರ್ಕ್ಸ್. ಆ ಕೋಷ್ಟಕದ ಹಿಂದೆ ಎಂಥ ಜಗಳ ಇತ್ತು ಎನ್ನುವುದು ಅಲ್ಲವೇ ರುಚಿ? ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ. ಅಲ್ಲಿದ್ದ ಸ್ಮೀತ್ ಅವರು ಶಿಸ್ಟ್‌ಗಳೇ ಹಳೆಯವು, ಸುತ್ತಲಿನ ನೈಸ್ ಎಂಬ ಪಟ್ಟೆ ಪಟ್ಟೆ ಕಲ್ಲು ಆಮೇಲೆ ನುಗ್ಗಿ ಬಂದದ್ದು ಎಂದು ವಾದಿಸಿದರು. ಪೆನಿನ್ಸುಲರ್ ನೈಸ್ ಎಂಬ ಹೆಸರು ಕೊಟ್ಟವರೂ ಅವರೇ, 1916ರಲ್ಲಿ. ಆದರೆ ಶಿಸ್ಟ್ ಪಟ್ಟಿಯ ಕಾಂಗ್ಲೋಮರೇಟ್ ಎಂಬ, ಉರುಟು ಕಲ್ಲುಗಳು ಸೇರಿ ಗಟ್ಟಿಯಾದ ಬಂಡೆಯಲ್ಲಿ ನೈಸಿನ ಉರುಟು ಕಲ್ಲುಗಳು ಸಿಕ್ಕರೆ? ಹೊಳೆಯಲ್ಲಿ ಉರುಳಿ ಬಂದು ಅಲ್ಲಿ ಕೂತಿರಬೇಕಾದರೆ ಆ ನೈಸ್ ಮೊದಲೇ ಇದ್ದಿರಬೇಕು ತಾನೇ. ಕೊನೆಗೆ ಗೊತ್ತಾದದ್ದು, ನೈಸ್ ಎಲ್ಲ ಒಂದೇ ಕಾಲದ್ದಲ್ಲ ಎಂದು. ಹಾಸನ ಜಿಲ್ಲೆಯ ಗೊರೂರಿನ ಕಡೆಯದು 330 ಕೋಟಿ ವರ್ಷದ ಆಸುಪಾಸು. ಬೇರೆ ಕಡೆ ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನವೂ ಇವೆ. ಎರಡು ವಾದಗಳೂ ಸ್ವಲ್ಪ ಸ್ವಲ್ಪ ಸರಿ.

ಇಷ್ಟು ವರ್ಷ ಎಂದು ಹೇಳುವುದು ಹೇಗೆ? ಜಿರ್ಕಾನ್ ಎಂಬ ಹರಳಿನಿಂದ. ಅದು ಕೂದಲೆಳೆಯಷ್ಟು ಚಿಕ್ಕದು. ಹುಟ್ಟುವಾಗ ತನ್ನೊಳಗೆ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಆಮೇಲೆ ಒಳಗೆ ಸೀಸ ಕಂಡರೆ ಅದು ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ 238 ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ 235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ನಡುವೆ ಬಿಸಿಯಾಗಿ ಸೀಸ ಸೋರಿಹೋಗಿದೆ ಎಂದು ತಿಳಿಯುತ್ತದೆ. ಇಂಥ ಯಂತ್ರ ನಮ್ಮ ವಿಭಾಗದಲ್ಲಿ ಇರಲಿಲ್ಲ. ಕಲ್ಲು ಪುಡಿ ಮಾಡಿ, ಜರಡಿ ಹಿಡಿದು, ಭಾರದ ಹರಳುಗಳನ್ನು ಬೇರ್ಪಡಿಸಿ, ಮೈಕ್ರೋಸ್ಕೋಪಿನಡಿ ಸೂಜಿಯಿಂದ ಜಿರ್ಕಾನ್ ಆರಿಸುವ ತನಕ ಮಾತ್ರ ನಾವು ಮಾಡಿದ್ದು. ಮುಂದಿನದನ್ನು ಪ್ರಬಂಧಗಳಲ್ಲಿ ಓದಿದೆವು. ಅಲ್ಲಿ ಪ್ರತಿ ವಯಸ್ಸಿನ ಪಕ್ಕದಲ್ಲೂ ಇಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಂಕಿ ಇರುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯಾಗುವಾಗ ಅದು ಮಾತ್ರ ಬಿದ್ದುಹೋಗುತ್ತದೆ.

ಪ್ರವಾಸಗಳಲ್ಲಿ ಎರಡನ್ನು ಹೇಳುತ್ತೇನೆ. ಪಳೆಯುಳಿಕೆ ನೋಡಲು ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ನಮ್ಮ ಕಲ್ಲುಗಳಲ್ಲಿ ಬಹುಪಾಲು ಎಷ್ಟು ಹಳೆಯವು ಎಂದರೆ ಚಿಪ್ಪಿನ ಪ್ರಾಣಿಗಳು ಆಗ ಹುಟ್ಟಿಯೇ ಇರಲಿಲ್ಲ. ಅಲ್ಲಿ ಕಾರೈ ಎಂಬ ಕಡೆ ಮಳೆ ಕೊರೆದ ಜೇಡಿಮಣ್ಣಿನ ದಿಬ್ಬಗಳಲ್ಲಿ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲ ಪ್ರಾಣಿಯ ತುಣುಕುಗಳು ಕಾಲಡಿಗೇ ಸಿಗುತ್ತವೆ. ಇನ್ನೊಂದು ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ಒಡೆದ ಆ ಲಾವಾ ಸುಮಾರು 8.8 ಕೋಟಿ ವರ್ಷದ್ದು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಸೆಲ್ಫಿ ತೆಗೆಯುವವರ ನಡುವೆ ನಾವು ಕಂಬಗಳಿಗೆ ಎಷ್ಟು ಮುಖ ಅಂತ ಎಣಿಸುತ್ತಾ ಓಡಾಡಿದ್ದು ಬೇರೆಯವರಿಗೆ ವಿಚಿತ್ರ ಕಂಡಿರಬೇಕು.

ಎರಡನೇ ವರ್ಷದ ಪ್ರಾಜೆಕ್ಟ್‌ಗೆ ನಾನು ಅಂತರ್ಜಲ ತಗೊಂಡೆ. ಬಹಳ ಜನ ಅದಿರು, ಚಿನ್ನ ಅಂತ ಹೋಗುತ್ತಾರೆ. ನನಗೆ ಪಾವಗಡ ತಾಲ್ಲೂಕಿನ ಫ್ಲೋರೈಡ್ ಬೇಕಿತ್ತು. ಗ್ರಾನೈಟ್ ಗುಡ್ಡ, ಶೇಂಗಾ ಹೊಲ, ಕಡಿಮೆ ಮಳೆ. ಈಗ ತಿರುಮಣಿ ಕಡೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ನಡೆಯುತ್ತವೆ. ತೆಲುಗು ಬಲ್ಲ ಗೆಳತಿಯನ್ನು ಜೊತೆಗೆ ಕರೆದುಕೊಂಡಿದ್ದೆ, ಅದರಿಂದ ಬಹಳ ಬಾಗಿಲು ತೆರೆದವು.

ಫ್ಲೋರೈಡ್ ಎಲ್ಲಿಂದ ಬರುತ್ತದೆ? ಕಾರ್ಖಾನೆಯಿಂದ ಅಲ್ಲ, ಬಂಡೆಯಿಂದಲೇ. ಗ್ರಾನೈಟ್ ಮತ್ತು ನೈಸ್‌ನಲ್ಲಿರುವ ಬಯೋಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಇವುಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಬಿರುಕುಗಳಲ್ಲಿ ಬಹಳ ಕಾಲ ನಿಂತರೆ, ಅದರಲ್ಲೂ ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ, ಫ್ಲೋರೈಡ್ ನೀರಿಗೆ ಇಳಿದು ಅಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಎರಡೂ ಸೇರಿ ಫ್ಲೋರೈಟ್ ಆಗಿ ಕೆಳಗೆ ಕೂತುಬಿಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ತನಕ ಒಳ್ಳೆಯದು. ಬೇರೆ ಮೂಲ ಇಲ್ಲದಿದ್ದರೆ 1.5 ತನಕ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಮೂಳೆ, ಕೀಲಿನ ನೋವು. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ, ಕಾಸು ಹಾಕಿದರೆ ಕ್ಯಾನ್ ತುಂಬುತ್ತದೆ. ಅಡುಗೆಗೆ ಮಾತ್ರ ಕೆಲವು ಮನೆಗಳಲ್ಲಿ ಈಗಲೂ ಬೋರ್‌ವೆಲ್ ನೀರೇ.

ಮಾದರಿ ತೆಗೆಯುವುದು ನೋಡಲು ಸುಲಭ, ಮಾಡುವಾಗ ಕಷ್ಟ. ಪಂಪ್ ಸ್ವಲ್ಪ ಹೊತ್ತು ಓಡಿಸಿ ಪೈಪಿನಲ್ಲಿ ನಿಂತ ಹಳೆ ನೀರು ಹೋಗಲು ಬಿಡಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆಯಬೇಕು. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನದು ಫ್ಲೋರೈಡ್‌ಗೆ ಆಗುವುದಿಲ್ಲ. ಪಿಎಚ್, ಕಂಡಕ್ಟಿವಿಟಿ ಅಲ್ಲೇ ಅಳೆಯಬೇಕು. ಇಷ್ಟೆಲ್ಲ ಕರೆಂಟ್ ಇರುವಾಗ ಮಾತ್ರ ಸಾಧ್ಯ. ತ್ರೀ ಫೇಸ್ ಯಾವಾಗ ಕೊಡುತ್ತಾರೆ ಎಂದು ಕೇಳಿಕೊಂಡು ನಮ್ಮ ದಿನ ಹೊಂದಿಸಿಕೊಳ್ಳುತ್ತಿದ್ದೆವು. ಮಳೆಗಾಲಕ್ಕೆ ಮುಂಚೆ ಒಂದು ಸುತ್ತು, ಮಳೆ ಮುಗಿದ ಮೇಲೆ ಅದೇ ಬಾವಿಗಳಿಗೆ ಮತ್ತೊಂದು ಸುತ್ತು.

ಹೋದಲ್ಲೆಲ್ಲ ಒಂದೇ ಮಾತು. "ಅದೆಲ್ಲ ಇರಲಿ ಕಣಮ್ಮ, ನಮ್ಮ ಹೊಲ್ದಾಗೆ ನೀರು ಎಲ್ಲಿ ಐತೆ ಹೇಳು." ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಹಾಕುವವರನ್ನು ಅವರು ನೋಡಿದ್ದಾರೆ. ಆತ ಇಲ್ಲೇ ಎರಡಿಂಚು ನೀರು ಎಂದು ಖಂಡಿತವಾಗಿ ಹೇಳುತ್ತಾನೆ. ನಾನೋ, ಇಲ್ಲಿ ಬಿರುಕು ಇರುವ ಸಾಧ್ಯತೆ ಇದೆ, ಆ ಕರಿಕಲ್ಲಿನ ಡೈಕ್ (ಬಂಡೆಯನ್ನು ಸೀಳಿ ನಿಂತ ಗೋಡೆಯಂಥ ಕಲ್ಲು) ನೀರನ್ನು ಮೇಲ್ಗಡೆ ತಡೆಯುತ್ತಿರಬಹುದು, ನೆಲಕ್ಕೆ ಕರೆಂಟ್ ಹಾಯಿಸಿ ನೋಡುವ ರೆಸಿಸ್ಟಿವಿಟಿ ಸರ್ವೆ ಮಾಡಿದರೆ ಇನ್ನಷ್ಟು ತಿಳಿಯುತ್ತದೆ ಎನ್ನುತ್ತಿದ್ದೆ. ಒಬ್ಬ ಅಜ್ಜ ಪೂರ್ತಿ ಕೇಳಿಸಿಕೊಂಡು, "ನಿಮಗಿಂತ ಕಾಯಿನೇ ವಾಸಿ ಬಿಡು" ಎಂದುಬಿಟ್ಟರು. ಬೋರ್ ಹಾಕಿಸಲು ಸಾಲ ಮಾಡುವವರಿಗೆ ಸಾಧ್ಯತೆಯ ಮಾತು ಯಾಕೆ ರುಚಿಸುತ್ತದೆ ಹೇಳಿ? ಅವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರಲಿಲ್ಲ.

ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯಲು ಬೇರೆಯೇ ಎಲೆಕ್ಟ್ರೋಡ್ ಇದೆ. ಮೊದಲು ಗೊತ್ತಿರುವ ದ್ರಾವಣಗಳಿಂದ ಅದನ್ನು ಸರಿಹೊಂದಿಸಿ, ಆಮೇಲೆ ನಮ್ಮ ನೀರಿಗೆ ಟಿಸಾಬ್ ಎಂಬ ಬಫರ್ ಬೆರೆಸಿ ಓದಬೇಕು. ಅಲ್ಯೂಮಿನಿಯಂ, ಕಬ್ಬಿಣದ ಜೊತೆ ಅಂಟಿಕೊಂಡ ಫ್ಲೋರೈಡನ್ನು ಅದು ಬಿಡಿಸುತ್ತದೆ. ಉಳಿದ ಅಯಾನುಗಳನ್ನೂ ಅಳೆದು, ಧನ ಮತ್ತು ಋಣ ಎರಡರ ಮೊತ್ತ ತಾಳೆ ನೋಡಬೇಕು. ವ್ಯತ್ಯಾಸ ಶೇಕಡಾ 5ರ ಒಳಗಿದ್ದರೆ ನೆಮ್ಮದಿ. ಹೊರಗೆ ಹೋದರೆ ಆ ಮಾದರಿಯ ಕೆಲಸ ಮತ್ತೆ ಮೊದಲಿನಿಂದ.

ಅಂಕಿಗಳು ಬಂದ ಮೇಲೆ ಎಲ್ಲರೂ ಮಾಡುವ ಕೆಲಸ ಒಂದಿದೆ. ನಕ್ಷೆ ಮಾಡುವ ಜಿಐಎಸ್ ಸಾಫ್ಟ್‌ವೇರ್‌ಗೆ ಬಾವಿಗಳ ಜಾಗ ಮತ್ತು ಫ್ಲೋರೈಡ್ ಕೊಟ್ಟರೆ ಇಡೀ ತಾಲ್ಲೂಕಿಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದು ಕೊಡುತ್ತದೆ. ಬಾವಿ ಇಲ್ಲದ ಕಡೆ ಸುತ್ತಲಿನ ಅಂಕಿಗಳಿಂದ ಲೆಕ್ಕ ಹಾಕಿ ತುಂಬಿಸುತ್ತದೆ. ನೋಡಲು ಬಹಳ ಚೆಂದ. ನಮ್ಮ ಗೈಡ್ ಅದನ್ನು ನೋಡಿ, ಹೀಗೆ ಬೇಡ ಎಂದರು. ಗಟ್ಟಿ ಬಂಡೆಯ ಪ್ರದೇಶದಲ್ಲಿ ನೀರು ಮರಳಿನಲ್ಲಿ ಹರಡಿದಂತೆ ಹರಡಿರುವುದಿಲ್ಲ, ಬಿರುಕಿನಲ್ಲಿರುತ್ತದೆ. ಅಕ್ಕಪಕ್ಕದ ಎರಡು ಬೋರ್‌ವೆಲ್ ಬೇರೆ ಬೇರೆ ಬಿರುಕಿಗೆ ತಾಗಿದ್ದರೆ ಒಂದರಲ್ಲಿ ಫ್ಲೋರೈಡ್ ಮಿತಿಯೊಳಗೆ, ಇನ್ನೊಂದರಲ್ಲಿ ಮಿತಿ ಮೀರಿ. ನಮ್ಮ ಮಾದರಿಗಳಲ್ಲೇ ಅಂಥವು ಇದ್ದವು. ಅಂಥ ಎರಡು ಬಾವಿಗಳ ನಡುವೆ ನಯವಾಗಿ ಬಣ್ಣ ಹಚ್ಚುವುದೆಂದರೆ ನೋಡದ ಗಡಿಗೆ ಗಟ್ಟಿ ಗೆರೆ ಎಳೆದಂತೆಯೇ ಅಲ್ವಾ? ಕೊನೆಗೆ ನನ್ನ ನಕ್ಷೆಯಲ್ಲಿ ಉಳಿದದ್ದು ಬರೀ ಚುಕ್ಕೆಗಳು, ಬಾವಿಗೊಂದು ಚುಕ್ಕೆ, ಚುಕ್ಕೆಗೊಂದು ಬಣ್ಣ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹಾಗೆ ಬಣ್ಣ ತುಂಬಿದ ಕಾಂಟೂರ್ ನಕ್ಷೆ ಎಲ್ಲಿ ಎಂದು ಕೇಳಿದರು. ಕಾರಣ ಹೇಳಿದೆ. ತಲೆ ಆಡಿಸಿದರು. ಒಪ್ಪಿದರೋ ಊಟದ ಹೊತ್ತಾಗಿತ್ತೋ ತಿಳಿಯಲಿಲ್ಲ, ಮಾರ್ಕ್ಸ್ ಮಾತ್ರ ಚೆನ್ನಾಗಿ ಬಂತು.

ಓದಿದ ಮೇಲೆ ಏನು ಎಂದು ಕೇಳುವವರಿಗೆ: ದೊಡ್ಡ ಬಾಗಿಲು ಎಂದರೆ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ. ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳು ಇದರಲ್ಲೇ ಬರುತ್ತವೆ. ಈಚಿನ ವರ್ಷಗಳಲ್ಲಿ ಪ್ರಿಲಿಮ್ಸ್ ಫೆಬ್ರವರಿಯಲ್ಲಿ, ಮೇನ್ಸ್ ಜೂನ್‌ನಲ್ಲಿ, ಆಮೇಲೆ ಸಂದರ್ಶನ. ಮೇನ್ಸ್‌ನಲ್ಲಿ ಉದ್ದುದ್ದ ಬರೆಯಬೇಕು, ಚಿತ್ರ ಕೈಯಲ್ಲೇ ಬಿಡಿಸಬೇಕು. ಆದ್ದರಿಂದ ಎಂ.ಎಸ್ಸಿ. ರೆಕಾರ್ಡ್ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಪಿಎಚ್‌ಡಿ ಕಡೆ ಹೋಗುವವರಿಗೆ ಸಿಎಸ್‌ಐಆರ್ ನೆಟ್, ಗೇಟ್ ಇವೆ. ನಮ್ಮ ಬ್ಯಾಚಿನವರು ಸಿಮೆಂಟ್ ಕಾರ್ಖಾನೆ, ಜಿಐಎಸ್ ಕಂಪನಿ, ಗಣಿ, ಕಾಲೇಜು ಅಂತ ಚೆದುರಿದ್ದಾರೆ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ನಮ್ಮೆಲ್ಲರಿಗಿಂತ ಸಂಬಳ ಜಾಸ್ತಿ.

ನಾನಿರುವುದು ಸುರಂಗ, ಸೇತುವೆ ಕೆಲಸಗಳಿಗೆ ನೆಲ ಪರೀಕ್ಷಿಸುವ ಒಂದು ಚಿಕ್ಕ ಸಂಸ್ಥೆಯಲ್ಲಿ. ಕೊರೆದು ತೆಗೆದ ಕಲ್ಲಿನ ಕೋರ್‌ಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಲಾಗ್ ಬರೆಯುವುದು ನನ್ನ ಕೆಲಸ. 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳನ್ನು ಕೂಡಿ, ಕೊರೆದ ಒಟ್ಟು ಉದ್ದದಲ್ಲಿ ಅದು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ ಬಂಡೆ ಎಷ್ಟು ಗಟ್ಟಿ ಎಂಬ ಅಂದಾಜು ಸಿಗುತ್ತದೆ. ಕೆಲವು ಕಡೆ ಕೋರ್ ಪುಡಿಯಾಗಿ ಮೇಲೆ ಬರುವುದೇ ಇಲ್ಲ. ಅಲ್ಲಿ ಮರದ ತುಂಡು ಇಟ್ಟು ಕೋರ್ ಲಾಸ್ ಎಂದು ಬರೆಯುತ್ತೇವೆ. ಇಂಜಿನಿಯರ್‌ಗಳಿಗೆ ಅದು ಇಷ್ಟ ಆಗುವುದಿಲ್ಲ, ಅಲ್ಲಿ ಏನಿತ್ತು ಹೇಳಿ ಎಂದು ಪಟ್ಟು ಹಿಡಿಯುತ್ತಾರೆ. ಸುರಂಗ ಕುಸಿಯುವುದಾದರೆ ಅಂಥ ಜಾಗದಲ್ಲೇ ಜಾಸ್ತಿ. ಆದ್ದರಿಂದ ಖಾಲಿ ಜಾಗ ಖಾಲಿಯಾಗಿಯೇ ಇರಲಿ ಎಂದು ನಾನೂ ಪಟ್ಟು ಹಿಡಿಯುತ್ತೇನೆ.

ಈ ವರ್ಷ ಸೇರುವವರು ದುಬಾರಿ ಸುತ್ತಿಗೆ, ಕಂಪಾಸ್ ಕೊಳ್ಳಲು ಹೋಗಬೇಡಿ, ವಿಭಾಗದಲ್ಲೇ ಕೊಡುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡುವ ಹ್ಯಾಂಡ್ ಲೆನ್ಸ್ ಮಾತ್ರ ಸ್ವಂತದ್ದು ಇರಲಿ. ಕಾಲಿಗೆ ಗಟ್ಟಿ ಶೂ, ಸುತ್ತಿಗೆ ಹಿಡಿಯುವಾಗ ಕಣ್ಣಿಗೆ ಕನ್ನಡಕ. ಬೆಂಗಳೂರಿನವರಾದರೆ ಒಂದು ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ಕೆಂಪೇಗೌಡ ಗೋಪುರದ ಬಂಡೆ ಹತ್ತಿ, ಕಪ್ಪು ಬಿಳಿ ಪಟ್ಟಿಗಳು ಎಲ್ಲಿ ಮಡಚಿವೆ ಎಂದು ನೋಡಿ ಬನ್ನಿ. ಅಲ್ಲಿ, ಮರಡಿಹಳ್ಳಿಯಲ್ಲಿ, ಸೇಂಟ್ ಮೇರೀಸ್‌ನಲ್ಲಿ ದಯವಿಟ್ಟು ಸುತ್ತಿಗೆ ಚೀಲದಲ್ಲೇ ಇರಲಿ. ಮೂರೂ ಸ್ಮಾರಕಗಳು, ಒಡೆಯುವ ಹಾಗಿಲ್ಲ.